ರಾಕರ್ ಬೋರ್ಡ್ ಕೇಳಿದ ದುರ್ಗದ ತಮ್ಮನಿಗೆ

ತಮ್ಮಾ, ನೀನು ಬರೆದದ್ದು ಓದಿದೆ. ಕೆನಡಾದ ಕ್ಯಾಲ್ಗರಿಗೆ ಬಂದು ಮೂರು ತಿಂಗಳಾಗಿದೆ. ಆಫೀಸಿನವರೆಲ್ಲ ಶನಿವಾರ ಬಂದರೆ ಸ್ನೋಬೋರ್ಡ್, ಅಂದರೆ ಕಾಲಿಗೆ ಕಟ್ಟಿಕೊಂಡು ಹಿಮದಲ್ಲಿ ಜಾರುವ ಹಲಗೆ, ಹಿಡಿದು ಗುಡ್ಡಕ್ಕೆ ಹೊರಡುತ್ತಾರೆ, ನಿನ್ನನ್ನೂ ಕರೆಯುತ್ತಿದ್ದಾರೆ. ಅಂಗಡಿಯಲ್ಲಿ ವಿಚಾರಿಸಿದರೆ 'ಸ್ವಲ್ಪವೇ ರಾಕರ್ ಇರುವ ಆಲ್-ಮೌಂಟನ್ ಸ್ನೋಬೋರ್ಡ್ ತಗೊಳ್ಳಿ' ಅಂದರಂತೆ. ಹಾಗಂದರೇನು, ಎಷ್ಟು ಉದ್ದದ್ದು ಬೇಕು, ಬಾಡಿಗೆ ಮನೆ ಯಾವ ಕಡೆ ನೋಡಲಿ, ಚಳಿಗೆ ಏನು ಹಾಕಲಿ, ಜೋಳದ ಹಿಟ್ಟು ಎಲ್ಲಿ ಸಿಗುತ್ತೆ ಅಣ್ಣಾ, ಅಂತ ಒಂದೇ ಉಸಿರಿನಲ್ಲಿ ಕೇಳಿದ್ದೀಯ.

ನೀನು ಚಿತ್ರದುರ್ಗದವನು, ನಾನು ದಾವಣಗೆರೆಯವನು. ನಾನು 1996ರಲ್ಲಿ ಇಲ್ಲಿಗೆ ಬಂದಾಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಬೇರೆ ಜಿಲ್ಲೆ ಆಗಿದ್ದು ಮರುವರ್ಷ. ಆ ಲೆಕ್ಕದಲ್ಲಿ ಇಬ್ಬರದೂ ಒಂದೇ ಜಿಲ್ಲೆ ಅಲ್ವಾ, ಅದಕ್ಕೇ ನೀನು ಅಂತಲೇ ಬರೆಯುತ್ತಿದ್ದೇನೆ.

ಸಣ್ಣ ಪ್ರಶ್ನೆಗಳು ಮೊದಲು. ಮನೆ ಸಿ-ಟ್ರೇನ್, ಅಂದರೆ ಊರೊಳಗೆ ಓಡುವ ರೈಲಿನ, ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಇರಲಿ, ಉಳಿದದ್ದು ಆಮೇಲೆ. ಜೋಳದ ಹಿಟ್ಟು ಊರಿನ ಈಶಾನ್ಯ ಭಾಗದ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ರೊಟ್ಟಿ ನಮ್ಮ ಕಡೆಯ ಹಾಗೆ ಬರುವುದಿಲ್ಲ, ಆಸೆ ಇಟ್ಟುಕೊಳ್ಳಬೇಡ. ಆಲ್ಬರ್ಟಾದ ಹೆಲ್ತ್ ಕಾರ್ಡ್ ಮಾಡಿಸಿಲ್ಲ ಅಂದರೆ ಗುಡ್ಡದ ಮಾತೇ ಬೇಡ, ನಾಳೆಯೇ ಹೋಗಿ ಮಾಡಿಸು. ಇನ್ನು ಬಟ್ಟೆ. ಹತ್ತಿ ಗಿರಣಿಗಳ ಊರಿನಲ್ಲಿ ಹುಟ್ಟಿದ ನಾನೇ ಹೇಳುತ್ತಿದ್ದೇನೆ, ಗುಡ್ಡಕ್ಕೆ ಹತ್ತಿ ಬಟ್ಟೆ ಹಾಕಬೇಡ. ಬನಿಯನ್ನೂ ಬೇಡ, ಜೀನ್ಸೂ ಬೇಡ. ಹತ್ತಿ ಬೆವರು ಕುಡಿದು ಹಾಗೇ ಉಳಿಯುತ್ತದೆ, ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟಿನಲ್ಲಿ ಕೂತಾಗ ಬೆನ್ನಿಗೆ ಐಸ್ ಇಟ್ಟಂತೆ ಆಗುತ್ತದೆ. ಒಳಗೆ ಉಣ್ಣೆಯದೋ ಪಾಲಿಯೆಸ್ಟರ್‌ದೋ ಹಾಕು.

ಈಗ ಬೋರ್ಡ್. ಆಲ್-ಮೌಂಟನ್ ಅಂದರೆ ಎಲ್ಲ ಥರದ ಇಳಿಜಾರಿಗೂ ಆಗುವಂಥದ್ದು. ರಾಕರ್ ಅನ್ನುವುದು ಹಲಗೆಯ ಬಾಗಿನ ಒಂದು ಬಗೆ. ಅಂಗಡಿಯಲ್ಲಿ ಬೋರ್ಡನ್ನು ನೆಲದ ಮೇಲೆ ಮಲಗಿಸಿ, ಬಗ್ಗಿ ಪಕ್ಕದಿಂದ ನೋಡು. ನಡುಭಾಗ ನೆಲ ಬಿಟ್ಟು ಕಮಾನಿನ ಹಾಗೆ ಎದ್ದಿದ್ದರೆ ಅದು ಕ್ಯಾಂಬರ್. ನೀನು ಮೇಲೆ ನಿಂತಾಗ ಕಮಾನು ಕೆಳಗೆ ಒತ್ತಿಕೊಳ್ಳುತ್ತದೆ, ಅಂಚು ಉದ್ದಕ್ಕೂ ಹಿಮವನ್ನು ಕಚ್ಚುತ್ತದೆ. ಹಿಡಿತ ಗಟ್ಟಿ. ಆದರೆ ಕಾಲು ಒಂಚೂರು ತಪ್ಪಿದರೂ ಎತ್ತಿ ಒಗೆಯುತ್ತದೆ. ನಡುಭಾಗ ನೆಲಕ್ಕೆ ತಾಗಿ, ಎರಡೂ ತುದಿ ತೊಟ್ಟಿಲಿನ ಅಡಿಯ ಹಾಗೆ ಮೇಲೆದ್ದಿದ್ದರೆ ರಾಕರ್. ತಿರುಗಿಸುವುದು ಸುಲಭ, ಅಂಚು ಸಿಕ್ಕಿಕೊಳ್ಳುವುದು ಕಡಿಮೆ, ಹೊಸ ಹಿಮದಲ್ಲಿ ಮೂತಿ ಮುಳುಗುವುದಿಲ್ಲ.

ಸ್ವಲ್ಪವೇ ರಾಕರ್ ಅಂದರೆ ಇವೆರಡರ ನಡುವಿನದು. ಕಾವಲಿ ಮೇಲೆ ದೋಸೆ ಬೆಂದಾಗ ಅಂಚು ತಾನಾಗಿ ಬಿಟ್ಟುಕೊಂಡು ಏಳುತ್ತಲ್ಲ, ಅಷ್ಟೇ ಏರು. ನಡುವೆ ಸಪಾಟಾಗಿರಬಹುದು, ಕಾಲ ಕೆಳಗೆ ಸಣ್ಣ ಕ್ಯಾಂಬರ್ ಇರಬಹುದು. ಕಂಪನಿಗೊಂದು ಹೆಸರು ಇಟ್ಟಿರುತ್ತಾರೆ. ಚೀಟಿ ಓದಿ ತಲೆ ಕೆಡಿಸಿಕೊಳ್ಳಬೇಡ, ನೆಲದ ಮೇಲಿಟ್ಟು ನೋಡು.

ನಮ್ಮ ಊರಿಗೆ, ಅಂದರೆ ಕ್ಯಾಲ್ಗರಿಗೆ, ಅಂಗಡಿಯವರು ಹೇಳಿದ್ದು ಸರಿಯಾಗೇ ಇದೆ. ಇಲ್ಲಿ ಚಿನೂಕ್ ಅಂತ ಒಂದು ಗಾಳಿ ಬೀಸುತ್ತದೆ. ನಡು ಚಳಿಗಾಲದಲ್ಲೂ ಒಂದೇ ದಿನದಲ್ಲಿ ಬೆಚ್ಚಗಾಗಿ ಹಿಮ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಹೋದರೆ ಇಳಿಜಾರು ಗಾಜು. 1988ರ ಒಲಿಂಪಿಕ್ಸಿಗೆ ಕಟ್ಟಿದ, ಊರೊಳಗಿನ ಒಲಿಂಪಿಕ್ ಪಾರ್ಕಿನ ಗುಡ್ಡದಲ್ಲೇ ನೀನು ಕಲಿಯುವುದು. ಅಲ್ಲಿ ಪೂರ್ತಿ ರಾಕರ್ ಹಾಕಿದರೆ, ಮಳೆ ಬಂದಾಗ ಕೋಟೆ ಬಂಡೆಯ ಮೇಲೆ ಸವೆದ ಹವಾಯಿ ಚಪ್ಪಲಿಯಲ್ಲಿ ಇಳಿದಂತೆ. ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಊರಾಚೆ ರಾಕಿ ಬೆಟ್ಟಗಳ ಲೇಕ್ ಲೂಯಿಸ್ ಕಡೆಗೋ ಸನ್‌ಶೈನ್ ಕಡೆಗೋ ಹೋದರೆ ಎತ್ತರ ಜಾಸ್ತಿ, ಹಿಮ ಒಣಗಿದ ಹಿಟ್ಟಿನ ಹಾಗೆ ಇರುತ್ತದೆ. ಅಲ್ಲಿ ಎದ್ದ ತುದಿ ಕೆಲಸಕ್ಕೆ ಬರುತ್ತದೆ. ಎರಡಕ್ಕೂ ಒಂದೇ ಬೋರ್ಡ್ ಅಂದರೆ ಈ ನಡುವಿನದೇ ಸರಿ.

ಉದ್ದ ನೋಡುವಾಗ ಎತ್ತರಕ್ಕಿಂತ ತೂಕ ಮುಖ್ಯ. ನೀನು 74 ಕೆಜಿ ಅಂದಿದ್ದೀಯ, 154ರಿಂದ 156 ಸೆಂಟಿಮೀಟರ್ ಸಾಕು. ಬಿಗುವು, ಅಂದರೆ ಬೋರ್ಡ್ ಎಷ್ಟು ಬಾಗದೆ ನಿಲ್ಲುತ್ತದೆ ಅನ್ನುವ ಅಳತೆ, 10ಕ್ಕೆ 4 ಅಥವಾ 5. ಬೋರ್ಡಿನ ಸೊಂಟ, ಅಂದರೆ ನಡುಭಾಗದ ಅಗಲ, ನಿನ್ನ ಬೂಟಿಗೆ ಹೊಂದಬೇಕು. ಬೂಟಿನ ತುದಿ ಹೊರಗೆ ಚಾಚಿದ್ದರೆ ತಿರುವಿನಲ್ಲಿ ಹಿಮಕ್ಕೆ ತಾಗಿ ಬೀಳಿಸುತ್ತದೆ. ಆದರೆ ಇಷ್ಟೆಲ್ಲ ಕೇಳಿಕೊಂಡು ಈಗಲೇ ಕೊಳ್ಳಲು ಓಡಬೇಡ. ಬೂಟು ಮೊದಲು ಕೊಳ್ಳು, ಬೋರ್ಡ್ ಈ ವರ್ಷ ಬಾಡಿಗೆಗೆ ತೆಗೆದುಕೋ. ಮಾರ್ಚ್ ಕೊನೆಗೆ ಬೆಲೆ ಇಳಿಯುತ್ತದೆ, ಆಗ ನೋಡೋಣ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾನು ಮಾಡಿದ್ದು ಪೂರಾ ಉಲ್ಟಾ.

1998ರ ಫೆಬ್ರವರಿಯಲ್ಲಿ ನಾಗಾನೊ ಒಲಿಂಪಿಕ್ಸಿನಲ್ಲಿ ಮೊದಲ ಸಲ ಸ್ನೋಬೋರ್ಡಿಂಗ್ ಇಟ್ಟರು. ಮೊದಲ ಚಿನ್ನ ಕೆನಡಾದವನಿಗೇ ಬಂತು. ಆಫೀಸಿನಲ್ಲಿ ಅದೇ ಮಾತು. ನನಗೂ ಹುಚ್ಚು ಹತ್ತಿತು. ಆ ಡಿಸೆಂಬರಿನಲ್ಲಿ ಒಂದು ಅಂಗಡಿಗೆ ಹೋಗಿ, ಪಕ್ಕದ ಟೇಬಲ್ಲಿನ ಆರಡಿ ಆಳು ಯಾವುದು ಇಟ್ಟುಕೊಂಡಿದ್ದನೋ ಅಂಥದ್ದೇ ತಂದೆ. 163 ಸೆಂಟಿಮೀಟರ್, ಮರದ ಹಲಗೆಯಷ್ಟು ಬಿಗಿ. ಆಗ ಅಂಗಡಿಗಳಲ್ಲಿ ಇದ್ದದ್ದೇ ಕ್ಯಾಂಬರ್, ಅದಕ್ಕೆ ಅಂಗಡಿಯವರನ್ನು ದೂರುವುದಿಲ್ಲ. ಆದರೆ ನಾನು 58 ಕೆಜಿ ಇದ್ದೆ. ನಿಲ್ಲಿಸಿದರೆ ಬೋರ್ಡ್ ಹಣೆ ಮುಟ್ಟುತ್ತಿತ್ತು. ಸಣ್ಣದು ತೋರಿಸಿದರೆ, ಮಕ್ಕಳದು ಅಂದುಕೊಂಡಾರು ಅಂತ ಬೇಡ ಅಂದೆ. ಈ ಆಟ ಶುರುವಾಗಿದ್ದೇ 1965ರಲ್ಲಿ, ಮಿಷಿಗನ್ನಿನ ಶೆರ್ಮನ್ ಪಾಪೆನ್ ತನ್ನ ಹೆಣ್ಣುಮಕ್ಕಳಿಗೆ ಎರಡು ಸ್ಕೀ ಜೋಡಿಸಿ ಕೊಟ್ಟ ಆಟಿಕೆಯಿಂದ ಅನ್ನುವುದು ಆಮೇಲೆ ಗೊತ್ತಾಯಿತು.

ಎರಡನೇ ದಿನ, ಮಧ್ಯಾಹ್ನ. ಬೋರ್ಡ್ ಸಪಾಟಾಗಿ ಜಾರುತ್ತಿತ್ತು. ಕೆಳಗಿನ ಕಡೆಯ ಅಂಚು ಗಟ್ಟಿ ಹಿಮಕ್ಕೆ ಸಿಕ್ಕಿಕೊಂಡಿತು. ಮುಂದಕ್ಕೆ ಬಿದ್ದೆ, ಬಲಗೈ ಚಾಚಿದೆ. ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್ ಕಟ್ಟು.

ಆಗ ಅಮ್ಮನಿಗೆ ಹದಿನೈದು ದಿನಕ್ಕೊಂದು ಕಾಗದ ಬರೆಯುತ್ತಿದ್ದೆ. ಮನೆಯಲ್ಲಿ ಫೋನ್ ಇರಲಿಲ್ಲ. ಪಕ್ಕದ ಮನೆಗೆ ಮಾಡಿದರೆ ಅವಳನ್ನು ಕರೆದು ತರುವಷ್ಟರಲ್ಲೇ ದುಡ್ಡು ಓಡುತ್ತಿತ್ತು. ಎಡಗೈಯಲ್ಲಿ ಬರೆದರೆ ಅಕ್ಷರ ನೋಡಿಯೇ ಹಿಡಿಯುತ್ತಾಳೆ ಅಂತ ಬರೆಯಲೇ ಇಲ್ಲ. ಫೋನಿನಲ್ಲಿ ಕೆಲಸ ಜಾಸ್ತಿ ಅಂದೆ. ಎರಡು ತಿಂಗಳು ಅವಳು ಅಂಚೆಯವನ ದಾರಿ ಕಾದಳಂತೆ. ಏನೋ ಮುನಿಸಿಕೊಂಡಿದ್ದಾನೆ ಅಂದುಕೊಂಡಳಂತೆ. ಇದನ್ನು ಹೇಳಿದ್ದು ಅಕ್ಕ.

ಊರಿಗೆ ಹೋದದ್ದು ಮುಂದಿನ ವರ್ಷ. ಊಟಕ್ಕೆ ಕೂತೆ. ರೊಟ್ಟಿ ಮುರಿಯುವಾಗ ಮಣಿಕಟ್ಟು ಪೂರ್ತಿ ತಿರುಗಲಿಲ್ಲ. ಎಡಗೈಯಲ್ಲಿ ಹಿಡಿದು ಮುರಿದೆ. ಅಮ್ಮ ಬಡಿಸುತ್ತಿದ್ದವಳು ನಿಂತಳು. ಪಲ್ಯದ ಸೌಟು ಕೈಯಲ್ಲೇ ಇತ್ತು. 'ಬಿದ್ದಿದ್ದನ್ನೂ ಹೇಳದಷ್ಟು ದೊಡ್ಡವನಾದೆಯೇನೋ' ಅಂದಳು. ಅಷ್ಟೇ. ಆಮೇಲೆ ಅವಳಿರುವವರೆಗೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಬೇಕಿತ್ತು.

ಈಗ ನಿಮಗೆಲ್ಲ ವಾಟ್ಸಾಪ್ ಇದೆ, ದಿನಾ ಮುಖ ತೋರಿಸುತ್ತೀರಿ. ಆದರೂ ಕ್ಯಾಮೆರಾಕ್ಕೆ ಕಾಣದ ಕಡೆ ಕಟ್ಟು ಇಟ್ಟುಕೊಂಡು ಮಾತಾಡುವ ಹುಡುಗರನ್ನು ಇಲ್ಲಿ ನೋಡಿದ್ದೇನೆ.

ಮಣಿಕಟ್ಟಿನ ಗಾರ್ಡ್ ಮತ್ತು ಹೆಲ್ಮೆಟ್ ಮೊದಲ ದಿನದಿಂದಲೇ ಹಾಕು. ಬೀಳುವಾಗ ಅಂಗೈ ಊರಬೇಡ, ಮುಷ್ಟಿ ಕಟ್ಟಿ ಮುಂಗೈ ಕೊಡು. ಕನಿಷ್ಠ ಎರಡು ಕ್ಲಾಸು ತೆಗೆದುಕೋ. ಮೊದಲ ದಿನ ಆಫೀಸಿನವರ ಜೊತೆ ದೊಡ್ಡ ಗುಡ್ಡಕ್ಕೆ ಹೋಗಬೇಡ, ಅವರು ನಿನ್ನನ್ನು ಮೇಲೆ ಬಿಟ್ಟು ಇಳಿದುಬಿಡುತ್ತಾರೆ.

ನನ್ನ ಆ 163 ಇನ್ನೂ ಗ್ಯಾರೇಜಿನ ಗೋಡೆಗೆ ಒರಗಿಕೊಂಡಿದೆ. ಕೇಳಿದರೂ ಕೊಡುವುದಿಲ್ಲ. ಬೂಟು ಕೊಳ್ಳಲು ಹೋಗುವ ದಿನ ಹೇಳು, ನಾನೂ ಬರುತ್ತೇನೆ. ಸಾಕ್ಸ್ ಒಂದೇ ಜೊತೆ ಹಾಕಿಕೊಂಡು ಬಾ, ಎರಡು ಹಾಕಿದರೆ ಅಳತೆ ತಪ್ಪುತ್ತದೆ. ಊರಿಂದ ಯಾರಾದರೂ ಬರುವವರಿದ್ದರೆ ಮಂಡಕ್ಕಿ ತರಿಸು. ಮಿರ್ಚಿ ನಾನು ಕರಿಯುತ್ತೇನೆ.