ಒಮ್ಮೆ ಬರೆದ ಪಾಠ ಹಲವು ಕಡೆ ಬಳಕೆಗೆ ಬರಬೇಕಾದರೆ

ಈ ಬಾರಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಚಿಂತೆಯನ್ನು ಬೇರೆ ಬೇರೆ ಮಾತುಗಳಲ್ಲಿ ಹೇಳಿವೆ: ಕಷ್ಟಪಟ್ಟು ಸಿದ್ಧಪಡಿಸಿದ ಇ-ಕಲಿಕೆಯ ಪಾಠಗಳು ಒಂದು ಕಡೆ ಒಮ್ಮೆ ಬಳಕೆಯಾಗಿ ಅಲ್ಲಿಗೇ ನಿಂತುಹೋಗುತ್ತಿವೆ. ಆದ್ದರಿಂದ ಆ ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಶ್ರಮಿಸಿ ವಿದ್ಯುತ್ ಯಂತ್ರಗಳ ವಿಷಯಕ್ಕೆ ಆನ್‌ಲೈನ್ ಪಾಠಗಳನ್ನು ಸಿದ್ಧಪಡಿಸಿದ್ದೆವು. ಕಲಿಕಾ ನಿರ್ವಹಣೆಯ ತಂತ್ರಾಂಶವನ್ನು ಬದಲಿಸಿದಾಗ ಅವು ಹೊಸದರಲ್ಲಿ ತೆರೆಯಲೇ ಇಲ್ಲ. ಸ್ಕಾರ್ಮ್ ರೂಪದಲ್ಲಿ ಮಾಡಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುತ್ತಾರೆ. ನಿಜವೇ?
— ಉಪನ್ಯಾಸಕಿ, ದಾವಣಗೆರೆ

ಉತ್ತರ: ಅರ್ಧ ನಿಜ. ಸ್ಕಾರ್ಮ್ ಎಂದರೆ ಒಂದು ಕಡೆ ಮಾಡಿದ ಇ-ಕಲಿಕೆಯ ಪಾಠ ಬೇರೆ ಬೇರೆ ತಂತ್ರಾಂಶಗಳಲ್ಲಿಯೂ ನಡೆಯಲೆಂದು ಮಾಡಿದ ನಿಯಮಾವಳಿ. ಯಾವ ಅರ್ಧ ನಿಜ ಎಂಬುದು ತಿಳಿಯಬೇಕಾದರೆ ಅದು ಯಾವ ಕಷ್ಟದಿಂದ ಹುಟ್ಟಿತೆಂಬುದನ್ನು ನೋಡಬೇಕು. ನಿಮಗೆ ಈಗ ಬಂದಿರುವ ತೊಂದರೆ ವಿಮಾನಯಾನ ಸಂಸ್ಥೆಗಳಿಗೆ ಬಹಳ ಹಿಂದೆಯೇ ಬಂದಿತ್ತು. ವಿಮಾನ ತಯಾರಕರು ವಿಮಾನದ ಜೊತೆಗೆ ಕಂಪ್ಯೂಟರ್ ಆಧಾರಿತ ತರಬೇತಿಯನ್ನೂ ಒದಗಿಸುತ್ತಿದ್ದರು. ಒಬ್ಬರ ಪಾಠ ಮತ್ತೊಬ್ಬರ ಯಂತ್ರದಲ್ಲಿ ನಡೆಯದ ಕಾರಣ, ಎರಡು ತಯಾರಕರ ವಿಮಾನಗಳನ್ನು ಕೊಂಡ ಸಂಸ್ಥೆ ತರಬೇತಿಗೂ ಎರಡು ಬಗೆಯ ಯಂತ್ರಗಳನ್ನು ಇಟ್ಟುಕೊಳ್ಳಬೇಕಾಗುತ್ತಿತ್ತು. ಇದನ್ನು ಸರಿಪಡಿಸಲೆಂದು 1988ರಲ್ಲಿ ವಿಮಾನಯಾನ ಉದ್ಯಮದ ಎಐಸಿಸಿ ಎಂಬ ಸಮಿತಿ ರಚನೆಯಾಯಿತು. ಮುಂದೆ ಅಮೆರಿಕದ ರಕ್ಷಣಾ ಇಲಾಖೆ 1997ರಲ್ಲಿ ಎಡಿಎಲ್ ಎಂಬ ಕಾರ್ಯಕ್ರಮವನ್ನು ಆರಂಭಿಸಿ, ಈ ಸಮಿತಿಯ ನಿಯಮಗಳನ್ನೂ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಎಂಎಸ್ ಮತ್ತು ಐಇಇಇ ಸಂಸ್ಥೆಗಳ ಕೆಲಸವನ್ನೂ ಒಂದೆಡೆ ಸೇರಿಸಿ 2000ದಲ್ಲಿ ಸ್ಕಾರ್ಮ್‌ನ ಮೊದಲ ಆವೃತ್ತಿಯನ್ನು ಹೊರತಂದಿತು. ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ 1.2ನೆಯ ಆವೃತ್ತಿ 2001ರದು. ಪಾಠಗಳ ಕ್ರಮವನ್ನು ನಿಯಂತ್ರಿಸುವ ನಿಯಮಗಳನ್ನು ಸೇರಿಸಿಕೊಂಡ ಸ್ಕಾರ್ಮ್ 2004 ಅದರ ನಂತರದ್ದು.

ಸ್ಕಾರ್ಮ್ ಪ್ಯಾಕೇಜ್ ಎಂದರೆ ಒಂದು ಜಿಪ್ ಕಡತ. ಅದರೊಳಗೆ ಪಾಠದ ಪುಟಗಳು, ಚಿತ್ರಗಳು, ಧ್ವನಿಗಳ ಜೊತೆಗೆ ಮ್ಯಾನಿಫೆಸ್ಟ್ ಎಂಬ ಎಕ್ಸ್‌ಎಂಎಲ್ (ಬರಹದ ಭಾಗಗಳನ್ನು ಕಂಪ್ಯೂಟರಿಗೆ ತಿಳಿಯುವಂತೆ ಗುರುತಿಸುವ ಭಾಷೆ) ಕಡತವಿರುತ್ತದೆ. ಕಟ್ಟಿನಲ್ಲಿ ಏನೇನಿದೆ, ಯಾವುದರ ನಂತರ ಯಾವುದನ್ನು ತೆರೆಯಬೇಕು ಎಂಬುದು ಅದರಲ್ಲಿ ಬರೆದಿರುತ್ತದೆ. ಎರಡನೆಯ ಅಂಶ ಸಂಭಾಷಣೆ. ವಿದ್ಯಾರ್ಥಿ ಪಾಠವನ್ನು ಮುಗಿಸಿದನೇ, ಎಷ್ಟು ಅಂಕ ಬಂತು, ಎಲ್ಲಿಗೆ ನಿಲ್ಲಿಸಿದ ಎಂಬುದನ್ನು ಪಾಠವು ತಂತ್ರಾಂಶಕ್ಕೆ ಗೊತ್ತುಪಡಿಸಿದ ಹೆಸರುಗಳಲ್ಲಿಯೇ ತಿಳಿಸುತ್ತದೆ. ಈ ಎರಡನ್ನೂ ಎರಡೂ ಕಡೆಯವರು ಪಾಲಿಸಿದ್ದರೆ ತಂತ್ರಾಂಶ ಬದಲಾದರೂ ಪಾಠ ತೆರೆದುಕೊಳ್ಳುತ್ತದೆ. ನಿಮಗೆ ಹೇಳಿದವರ ಮಾತು ಇಷ್ಟರ ಮಟ್ಟಿಗೆ ನಿಜ.

ಉಳಿದ ಅರ್ಧವನ್ನು ಬಹಳಷ್ಟು ಸಂಸ್ಥೆಗಳು ತಡವಾಗಿ ಕಂಡುಕೊಂಡವು. ಕಟ್ಟು ಹೇಗಿರಬೇಕೆಂದು ಸ್ಕಾರ್ಮ್ ಹೇಳುತ್ತದೆಯೇ ಹೊರತು ಕಟ್ಟಿನೊಳಗಿನ ಪಾಠ ಯಾವುದರಿಂದ ಆಗಿರಬೇಕೆಂದು ಹೇಳುವುದಿಲ್ಲ. ಬ್ರೌಸರಿನಲ್ಲಿ ಅನಿಮೇಷನ್ ತೋರಿಸುತ್ತಿದ್ದ ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ಮಾಡಿದ ಅಸಂಖ್ಯ ಪಾಠಗಳು ಸ್ಕಾರ್ಮ್ ನಿಯಮಗಳನ್ನು ಅಕ್ಷರಶಃ ಪಾಲಿಸಿದ್ದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಸಂಸ್ಥೆ ಫ್ಲ್ಯಾಶ್‌ಗೆ ನೀಡುತ್ತಿದ್ದ ಬೆಂಬಲ ಕೊನೆಗೊಂಡು, ಬ್ರೌಸರ್‌ಗಳೂ ಅದನ್ನು ಕೈಬಿಟ್ಟಾಗ ಆ ಪಾಠಗಳ ಕಟ್ಟು ಸರಿಯಾಗಿಯೇ ಉಳಿಯಿತು, ಒಳಗಿನ ಪಾಠ ಮಾತ್ರ ಕಾಣಿಸದಾಯಿತು. ಅಲ್ಲದೆ, ಪಾಠ ತಯಾರಿಸುವ ತಂತ್ರಾಂಶಗಳು ಹೊರಕ್ಕೆ ಕೊಡುವ ಸ್ಕಾರ್ಮ್ ಕಡತವನ್ನು ಸಾಮಾನ್ಯವಾಗಿ ನೋಡಬಹುದೇ ಹೊರತು ಸುಲಭವಾಗಿ ತಿದ್ದಲಾಗದು. ತಿದ್ದಲು ಮೂಲ ಕಡತವೇ ಬೇಕು. ಮೂಲವನ್ನು ಒಬ್ಬ ಉಪನ್ಯಾಸಕರ ಲ್ಯಾಪ್‌ಟಾಪ್‌ನಲ್ಲಿ ಬಿಟ್ಟು, ಅವರಿಗೆ ವರ್ಗಾವಣೆಯಾದ ಮೇಲೆ ಹುಡುಕುವ ಪಾಡನ್ನು ನಾನು ಹಲವು ಕಡೆ ಕಂಡಿದ್ದೇನೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಮೊದಲು ಹಳೆಯ ಪಾಠಗಳ ಮೂಲ ಕಡತಗಳನ್ನು, ಚಿತ್ರಗಳನ್ನು ಬಿಡಿಬಿಡಿಯಾಗಿ ಸೇರಿಸಿಕೊಂಡು, ಕಾಲೇಜಿನ ಒಡೆತನದಲ್ಲಿರುವ ಜಾಗದಲ್ಲಿ ಇಡಿ. ಹೊಸದಾಗಿ ಕಟ್ಟುವಾಗ, ವಿಶೇಷ ಕಾರಣವಿಲ್ಲದಿದ್ದರೆ 1.2 ಆವೃತ್ತಿಯೇ ಸಾಕು; ಬಹಳ ಕಾಲೇಜುಗಳಲ್ಲಿರುವ ಮೂಡಲ್ ಎಂಬ ಕಲಿಕಾ ನಿರ್ವಹಣೆಯ ತಂತ್ರಾಂಶ ಕೂಡ ಪೂರ್ಣವಾಗಿ ಪಾಲಿಸುವುದು ಅದನ್ನೇ. ಆದರೆ ಇಡೀ ಅಧ್ಯಾಯವನ್ನು ಒಂದೇ ಘಟಕವಾಗಿ ಮಾಡಬೇಡಿ. ವಿದ್ಯಾರ್ಥಿ ಎಲ್ಲಿಗೆ ನಿಲ್ಲಿಸಿದನೆಂಬ ವಿವರವನ್ನು ಇಡಲು ಈ ಆವೃತ್ತಿಯಲ್ಲಿ 4,096 ಅಕ್ಷರಗಳಷ್ಟೇ ಜಾಗವಿದೆ. ಪಾಠ ತೀರ ದೊಡ್ಡದಾದರೆ ಆ ವಿವರ ತುಂಡಾಗಿ, ಮರುದಿನ ಬಂದ ವಿದ್ಯಾರ್ಥಿ ಮೊದಲಿನಿಂದ ಶುರುಮಾಡಬೇಕಾಗಬಹುದು.

ಪ್ರಶ್ನೆ: ನಾಲ್ಕು ಪದವಿ ಕಾಲೇಜುಗಳ ಭೂಗೋಳಶಾಸ್ತ್ರದ ಅಧ್ಯಾಪಕರು ಸೇರಿ ನಕ್ಷಾಶಾಸ್ತ್ರಕ್ಕೆ ಒಂದು ಕೋರ್ಸ್ ಬರೆಯಲು ಹೊರಟಿದ್ದೇವೆ. ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಬರೆಯುತ್ತಿದ್ದಾರೆ. ಎಲ್ಲವನ್ನೂ ಒಂದು ಅಚ್ಚಿಗೆ ತರುವುದು ಹೇಗೆ?
— ಸಹ ಪ್ರಾಧ್ಯಾಪಕ, ಧಾರವಾಡ

ಉತ್ತರ: ನಿಮ್ಮ ವಿಷಯದಲ್ಲಿಯೇ ಇದಕ್ಕೆ ಒಳ್ಳೆಯ ಮಾದರಿಯಿದೆ. ಸ್ವಿಟ್ಜರ್ಲೆಂಡಿನ ಹಲವು ವಿಶ್ವವಿದ್ಯಾಲಯಗಳ ಭೂಮಾಹಿತಿ ಅಧ್ಯಾಪಕರು 2001ರಲ್ಲಿ ಗಿಟ್ಟಾ ಎಂಬ ಯೋಜನೆಯಲ್ಲಿ ಕೈಜೋಡಿಸಿದರು. ಜರ್ಮನ್, ಫ್ರೆಂಚ್ ಮಾತನಾಡುವ ಬೇರೆ ಬೇರೆ ಪ್ರದೇಶಗಳ ಅಧ್ಯಾಪಕರು ತಮ್ಮ ತಮ್ಮ ಊರಿನಲ್ಲಿ ಕುಳಿತು ಬರೆದ ಪಾಠಗಳು ಒಂದೇ ಕೋರ್ಸಿನ ಭಾಗಗಳಾಗಿ ಕಾಣಬೇಕಿತ್ತು, ಪ್ರತಿ ವಿಶ್ವವಿದ್ಯಾಲಯವೂ ತನಗೆ ಬೇಕಾದಷ್ಟನ್ನೇ ಎತ್ತಿಕೊಳ್ಳುವಂತೆಯೂ ಇರಬೇಕಿತ್ತು. ಅವರು ಪುಟದ ಅಂದಚೆಂದವನ್ನು ಒತ್ತಟ್ಟಿಗಿಟ್ಟು ಮೊದಲು ಪಾಠದ ಅಂಗಾಂಗಗಳನ್ನು ನಿರ್ಧರಿಸಿಕೊಂಡರು. ಕೋರ್ಸಿನಲ್ಲಿ ಪಾಠ, ಪಾಠದಲ್ಲಿ ಘಟಕ, ಘಟಕದಲ್ಲಿ ಕಲಿಕಾ ವಸ್ತು. ಪಾಠಕ್ಕೆ ಒಂದು ಪ್ರವೇಶ; ಪ್ರತಿ ಕಲಿಕಾ ವಸ್ತುವಿನಲ್ಲಿ ವಿವರಿಸುವ ಭಾಗ, ಉದಾಹರಣೆಯನ್ನು ತೋರಿಸುವ ಭಾಗ, ವಿದ್ಯಾರ್ಥಿ ತಾನೇ ಮಾಡಿ ನೋಡುವ ಭಾಗ; ಕೊನೆಗೆ ಸ್ವಮೌಲ್ಯಮಾಪನ ಮತ್ತು ಸಾರಾಂಶ. ಇ-ಕ್ಲಾಸ್ ಎಂದು ಕರೆಯಲಾಗುವ ಈ ಬೋಧನಾ ಕ್ರಮವನ್ನೇ ಆಧರಿಸಿ ಅವರು ಇಎಲ್‌ಎಂಎಲ್ ಎಂಬ ಎಕ್ಸ್‌ಎಂಎಲ್ ಗುರುತುಭಾಷೆಯನ್ನು ರೂಪಿಸಿ ಮುಕ್ತ ತಂತ್ರಾಂಶವಾಗಿ ಪ್ರಕಟಿಸಿದರು. ಅಧ್ಯಾಪಕರು ಬರೆಯುವಾಗ ಅಕ್ಷರದ ಬಣ್ಣ, ಗಾತ್ರಗಳ ಗೋಜಿಗೆ ಹೋಗದೆ ಇದು ವ್ಯಾಖ್ಯೆ, ಇದು ಉದಾಹರಣೆ, ಇದು ಪದಕೋಶದ ಪದ ಎಂದಷ್ಟೇ ಗುರುತಿಸುತ್ತಾರೆ. ಅದೇ ಮೂಲದಿಂದ ಜಾಲಪುಟ, ಮುದ್ರಣಕ್ಕೆ ಪಿಡಿಎಫ್, ಸ್ಕಾರ್ಮ್ ಪ್ಯಾಕೇಜ್ ಎಲ್ಲವೂ ಹೊರಡುತ್ತವೆ. ಕಾಲೇಜಿನ ಲಾಂಛನ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು.

ನಿಮ್ಮ ಕೋರ್ಸಿನ ಸಮೋನ್ನತಿ ರೇಖೆಗಳ ಪಾಠವನ್ನೇ ತೆಗೆದುಕೊಳ್ಳಿ. ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಕೂಡಿಸುವ ರೇಖೆ ಎಂಬ ವಿವರಣೆ, ರೇಖೆಗಳು ಒತ್ತಾಗಿದ್ದರೆ ಇಳಿಜಾರು ಕಡಿದಾಗಿರುತ್ತದೆ ಎಂಬ ನಿಯಮ, 1:50,000 ಪ್ರಮಾಣದ ಟೋಪೋಶೀಟ್‌ನಲ್ಲಿ (ಸ್ಥಳಾಕೃತಿ ನಕ್ಷೆಯಲ್ಲಿ) ಎರಡು ರೇಖೆಗಳ ನಡುವಿನ ಎತ್ತರದ ಅಂತರ ಸಾಮಾನ್ಯವಾಗಿ 20 ಮೀಟರ್ ಎಂಬ ಮಾಹಿತಿ — ಇವು ನಾಲ್ಕೂ ಕಾಲೇಜಿಗೆ ಒಂದೇ. ಉದಾಹರಣೆಯ ಭಾಗ ಮಾತ್ರ ಹಾಗಲ್ಲ. ಚಿತ್ರದುರ್ಗದ ವಿದ್ಯಾರ್ಥಿಗೆ ಕೋಟೆಯ ಬೆಟ್ಟವನ್ನೇ ನಕ್ಷೆಯಲ್ಲಿ ತೋರಿಸಿದರೆ, ಚಿಕ್ಕಬಳ್ಳಾಪುರದವನಿಗೆ ನಂದಿಬೆಟ್ಟವನ್ನು ತೋರಿಸಿದರೆ, ದಿನವೂ ಕಣ್ಣೆದುರಿಗಿರುವ ಏರಿಳಿತ ರೇಖೆಗಳಾಗಿ ಬದಲಾಗುವುದು ಅವರಿಗೆ ಕೂಡಲೇ ಹೊಳೆಯುತ್ತದೆ. ವಿವರಣೆಯನ್ನೂ ಉದಾಹರಣೆಯನ್ನೂ ಬೇರೆ ಬೇರೆ ಅಂಗಗಳಾಗಿ ಬರೆದಿಟ್ಟಿದ್ದರೆ ಪ್ರತಿ ಕಾಲೇಜು ಉದಾಹರಣೆಯನ್ನಷ್ಟೇ ಬದಲಿಸಿಕೊಳ್ಳಬಹುದು. ಒಂದೇ ಪ್ಯಾರಾದಲ್ಲಿ ಹೆಣೆದುಬಿಟ್ಟಿದ್ದರೆ ಇಡೀ ಪಾಠವನ್ನೇ ಮತ್ತೆ ಬರೆಯಬೇಕು. ಮರುಬಳಕೆಯ ಹೆಚ್ಚಿನ ಭಾಗ ಬರೆಯುವ ಮೇಜಿನ ಮೇಲೆಯೇ ತೀರ್ಮಾನವಾಗುತ್ತದೆ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಕೊನೆಯಲ್ಲಿ ಒತ್ತುವ ಎಕ್ಸ್‌ಪೋರ್ಟ್ ಗುಂಡಿ ಆ ತೀರ್ಮಾನವನ್ನು ಬದಲಿಸಲಾರದು.

ನೀವು ಎಕ್ಸ್‌ಎಂಎಲ್ ಕಲಿಯಲೇಬೇಕೆಂದಿಲ್ಲ. ನಾಲ್ವರೂ ಒಂದು ದಿನ ಕುಳಿತು ಪಾಠದ ಅಂಗಗಳ ಪಟ್ಟಿಯನ್ನು ಒಪ್ಪಿಕೊಂಡು, ವರ್ಡ್ ಕಡತದಲ್ಲಿಯೇ ಪ್ರತಿ ಅಂಗಕ್ಕೂ ಹೆಸರಿರುವ ಸ್ಟೈಲ್ ಮಾಡಿಟ್ಟುಕೊಂಡು ಅದನ್ನಷ್ಟೇ ಬಳಸಿದರೂ ಕೆಲಸ ಮುಕ್ಕಾಲು ಪಾಲು ಆದಂತೆಯೇ. ಶೀರ್ಷಿಕೆಯನ್ನು ಕೈಯಿಂದ ದಪ್ಪಕ್ಷರ ಮಾಡುವ ಅಭ್ಯಾಸವನ್ನು ಮಾತ್ರ ಎಲ್ಲರೂ ಬಿಡಬೇಕಾಗುತ್ತದೆ: ಮನುಷ್ಯನ ಕಣ್ಣಿಗೆ ಅದು ಶೀರ್ಷಿಕೆ, ಕಂಪ್ಯೂಟರಿಗೆ ಬರಿಯ ದಪ್ಪಕ್ಷರ.

ಪ್ರಶ್ನೆ: ಎಕ್ಸ್ ಎಪಿಐ ಬಂದ ಮೇಲೆ ಸ್ಕಾರ್ಮ್ ಹಳತಾಯಿತೇ?
— ತಂತ್ರಾಂಶ ಉದ್ಯೋಗಿ, ಮೈಸೂರು

ಉತ್ತರ: ಎರಡರ ಕೆಲಸ ಬೇರೆ. 2013ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಎಕ್ಸ್ ಎಪಿಐ, ಕಲಿತವರು ಯಾರು, ಏನು ಮಾಡಿದರು, ಯಾವುದರ ಮೇಲೆ ಎಂಬ ವಾಕ್ಯಗಳಾಗಿ ಕಲಿಕೆಯನ್ನು ದಾಖಲಿಸುತ್ತದೆ; ಕಾರ್ಯಾಗಾರದಲ್ಲಿ ಮಾಡಿದ ಕೆಲಸವನ್ನೂ ಅದರಲ್ಲಿ ಬರೆದಿಡಬಹುದು. ಪಾಠವನ್ನು ಕಟ್ಟಿ ಸಾಗಿಸುವ ನಿಯಮ ಅದರಲ್ಲಿಲ್ಲ. ಆ ಕೊರತೆಯನ್ನು ತುಂಬಲು ಸಿಎಂಐ5 ಎಂಬ ನಿಯಮಾವಳಿ 2016ರಲ್ಲಿ ಬಂದಿದೆ. ನಿಮ್ಮ ತಂತ್ರಾಂಶ ಅದನ್ನು ಒಪ್ಪುವುದಾದರೆ ಹೊಸ ಕೆಲಸಕ್ಕೆ ಅದನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ಹತ್ತು ವರ್ಷಗಳಿಂದ ಬರೆದ ಜೀವಶಾಸ್ತ್ರದ ಕನ್ನಡ ಟಿಪ್ಪಣಿಗಳು ನನ್ನಲ್ಲಿವೆ. ಬೇರೆ ಶಿಕ್ಷಕರಿಗೆ ಕೊಟ್ಟರೆ ಅವರ ಮೊಬೈಲಿನಲ್ಲಿ ಅಕ್ಷರಗಳು ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ. ದೀಕ್ಷಾದಂತಹ ವೇದಿಕೆಯಲ್ಲಿ ಹಂಚಿಕೊಳ್ಳಬೇಕಾದರೆ ಏನು ಮಾಡಬೇಕು?
— ಪ್ರೌಢಶಾಲಾ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ

ಉತ್ತರ: ಟಿಪ್ಪಣಿಗಳು ನುಡಿ ಅಥವಾ ಬರಹ ಎಂಬ ತಂತ್ರಾಂಶದ ಹಳೆಯ ಫಾಂಟಿನಲ್ಲಿವೆ ಎಂದು ತೋರುತ್ತದೆ. ಆ ಪದ್ಧತಿಯಲ್ಲಿ ಕಡತದೊಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಸಂಕೇತಗಳೇ. ಅವುಗಳಿಗೆ ಕನ್ನಡದ ರೂಪ ತೊಡಿಸುವುದು ಫಾಂಟ್. ಫಾಂಟ್ ಇಲ್ಲದ ಕಡೆ ಕನ್ನಡವೂ ಇಲ್ಲ. ಅಂತಹ ಬರಹವನ್ನು ಹುಡುಕಲಾಗದು, ದೃಷ್ಟಿಹೀನ ವಿದ್ಯಾರ್ಥಿಯ ಪರದೆ ಓದುಗ ತಂತ್ರಾಂಶ ಅದನ್ನು ಓದಲಾರದು, ಅನುವಾದಕ್ಕೂ ಅದು ಸಿಗದು. ಎಷ್ಟೇ ಅಂತಾರಾಷ್ಟ್ರೀಯ ಮಾನದಂಡದ ಕಟ್ಟಿನಲ್ಲಿಟ್ಟರೂ ಇದು ಸರಿಹೋಗದ ಕಾರಣ, ಕನ್ನಡದ ಮಟ್ಟಿಗೆ ಮೊದಲ ಮಾನದಂಡ, ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಎಂದೇ ನನ್ನ ಅಭಿಪ್ರಾಯ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರಗಳಿರುವ ಕಡೆ ಮತ್ತು ಇಂಗ್ಲಿಷ್ ಪದ, ಸೂತ್ರಗಳು ಬೆರೆತಿರುವ ಕಡೆ ತಪ್ಪದೆ ಕಣ್ಣಾಡಿಸಿ.

ಮುಂದಿನದು ಪಾಠದ ವಿವರಪಟ್ಟಿ. 2002ರ ಐಇಇಇ ಮಾನದಂಡ ಕಲಿಕಾ ವಸ್ತುವಿನ ವಿವರಗಳನ್ನು ಒಂಬತ್ತು ವರ್ಗಗಳಲ್ಲಿ ಹೇಳುತ್ತದೆ. ಅಷ್ಟೂ ಅಂಕಣಗಳನ್ನು ತುಂಬಲು ತರಗತಿ ನಡೆಸುವ ಶಿಕ್ಷಕರಿಗೆ ಸಮಯವೆಲ್ಲಿ? 2017ರ ಸೆಪ್ಟೆಂಬರಿನಲ್ಲಿ ಆರಂಭವಾದ, ಶಾಲಾ ಪಾಠಗಳ ಸರ್ಕಾರಿ ವೇದಿಕೆಯಾದ ದೀಕ್ಷಾ ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ ರೂಪಿಸಿದ ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ. ಅಲ್ಲಿ ಮಂಡಳಿ, ಮಾಧ್ಯಮ, ತರಗತಿ, ವಿಷಯ ಎಂಬ ಶಿಕ್ಷಕರಿಗೆ ಪರಿಚಿತವಾದ ವಿಂಗಡಣೆಯೇ ಮುಖ್ಯ. ಪಠ್ಯಪುಸ್ತಕದ ಕ್ಯೂಆರ್ ಸಂಕೇತದಿಂದ ನೇರವಾಗಿ ಆ ಅಧ್ಯಾಯದ ವಸ್ತುವಿಗೆ ಹೋಗಲು ಸಾಧ್ಯವಾಗಿರುವುದು ಈ ವಿಂಗಡಣೆ ಎಲ್ಲರಿಗೂ ಒಂದೇ ಆಗಿರುವುದರಿಂದ. ನೀವೂ ಅದನ್ನೇ ಅನುಸರಿಸಿ. ಜೊತೆಗೆ ಪಾರಿಭಾಷಿಕ ಪದಗಳ ಬಗ್ಗೆ ಎಚ್ಚರವಿರಲಿ: ದ್ಯುತಿಸಂಶ್ಲೇಷಣೆ ಎಂದು ನೀವು ಬರೆದಿದ್ದು, ಪ್ರಕಾಶ ಸಂಶ್ಲೇಷಣೆ ಎಂದು ಮತ್ತೊಬ್ಬರು ಹುಡುಕಿದರೆ ನಿಮ್ಮ ಪಾಠ ಅವರಿಗೆ ಸಿಗುವುದಿಲ್ಲ. ಪಾಠದೊಳಗೆ ಒಂದೇ ಪದವನ್ನು ಕಾಯ್ದುಕೊಂಡು, ಹುಡುಕುಪದಗಳಲ್ಲಿ ಎರಡನ್ನೂ, ಇಂಗ್ಲಿಷ್ ಹೆಸರನ್ನೂ ಕೊಡಿ.

ಪ್ರಶ್ನೆ: ಪಾಠವೆಂದರೆ ಮೊದಲಿನಿಂದ ಕೊನೆಯವರೆಗೆ ಹರಿಯುವ ಒಂದು ಮಾತು. ಅದನ್ನು ಹೀಗೆ ತುಂಡು ತುಂಡಾಗಿ ಕತ್ತರಿಸಿದರೆ ಜೀವ ಉಳಿಯುತ್ತದೆಯೇ?
— ನಿವೃತ್ತ ಅಧ್ಯಾಪಕ, ಮಂಗಳೂರು

ಉತ್ತರ: ತಮ್ಮ ಆತಂಕ ಸರಿಯಾದದ್ದೇ. ಕಲಿಕಾ ವಸ್ತುಗಳನ್ನು ಮಕ್ಕಳ ಲೆಗೋ ಇಟ್ಟಿಗೆಗಳಂತೆ ಹೇಗೆ ಬೇಕಾದರೂ ಜೋಡಿಸಬಹುದೆಂದು ಒಂದು ಕಾಲಕ್ಕೆ ನಂಬಲಾಗಿತ್ತು. ಅಮೆರಿಕದ ಶಿಕ್ಷಣತಜ್ಞ ಡೇವಿಡ್ ವೈಲಿ ಇದರೊಳಗಿನ ವಿರೋಧವನ್ನು ತೋರಿಸಿಕೊಟ್ಟರು: ವಸ್ತುವಿನಲ್ಲಿ ಸಂದರ್ಭ ಹೆಚ್ಚಿದಷ್ಟೂ ಕಲಿಸುವ ಶಕ್ತಿ ಹೆಚ್ಚು, ಬೇರೆಡೆ ಬಳಸುವ ಅವಕಾಶ ಕಡಿಮೆ, ಸಂದರ್ಭವನ್ನು ತೆಗೆದಷ್ಟೂ ಎಲ್ಲೆಡೆಗೂ ಹೊಂದುತ್ತದೆ, ಆದರೆ ಕಲಿಸುವುದು ಕಡಿಮೆ. ಈ ವಿರೋಧಕ್ಕೆ ಪೂರ್ಣ ಪರಿಹಾರವನ್ನು ನಾನು ಕಂಡಿಲ್ಲ. ಸಂದರ್ಭವನ್ನು ಅಳಿಸುವ ಬದಲು ಅದಕ್ಕೊಂದು ಜಾಗ ಗೊತ್ತುಮಾಡುವುದು ಸಾಧ್ಯವಿರುವ ದಾರಿ. ತಾವು ಹೇಳುವ ಹರಿವನ್ನು ಕಟ್ಟಿಕೊಡುವ ಮಾತುಗಳು ಪಾಠದ ಪ್ರವೇಶದಲ್ಲಿಯೂ ಸಾರಾಂಶದಲ್ಲಿಯೂ ಇರಲಿ, ಕಲಿಸುವವರು ತಮ್ಮ ತರಗತಿಗೆ ತಕ್ಕಂತೆ ಅವನ್ನು ಹೊಸದಾಗಿ ಬರೆಯಲಿ. ನಡುವಿನ ಘಟಕ ತನ್ನಷ್ಟಕ್ಕೆ ಅರ್ಥವಾಗುವಂತಿರಲಿ. ಘಟಕದೊಳಗೆ ‘ಹಿಂದಿನ ಪಾಠದಲ್ಲಿ ನೋಡಿದಂತೆ’ ಎಂದು ಬರೆದರೆ, ಬೇರೊಂದು ಕೋರ್ಸಿನಲ್ಲಿ ಆ ಹಿಂದಿನ ಪಾಠವೇ ಇರುವುದಿಲ್ಲ. ‘ಮೇಲಿನ ಚಿತ್ರದಲ್ಲಿ’ ಎನ್ನುವ ಬದಲು ಚಿತ್ರದ ಹೆಸರನ್ನೇ ಹೇಳುವುದು ಒಳ್ಳೆಯದು. ಮೊಬೈಲಿನಲ್ಲಿ ಅದು ಮೇಲಿರದೆ ಕೆಳಗೂ ಇರಬಹುದು.

ಪ್ರಶ್ನೆ: ಕ್ರಿಯೇಟಿವ್ ಕಾಮನ್ಸ್ ಗುರುತಿರುವ ಯಾವ ಪಾಠವನ್ನಾದರೂ ಕನ್ನಡಕ್ಕೆ ಅನುವಾದಿಸಿ ಬಳಸಬಹುದೇ?
— ಬಿ.ಇಡಿ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಯಾವುದನ್ನಾದರೂ ಅಲ್ಲ. ಕ್ರಿಯೇಟಿವ್ ಕಾಮನ್ಸ್ ಎಂಬುದು ತಮ್ಮ ಕೃತಿಯನ್ನು ಇತರರು ಯಾವ ಷರತ್ತಿನ ಮೇಲೆ ಬಳಸಬಹುದೆಂದು ಲೇಖಕರು ತಿಳಿಸುವ ಪರವಾನಗಿಗಳ ಗುಂಪು; ಷರತ್ತುಗಳನ್ನು ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುತ್ತಾರೆ. ಬಿವೈ ಎಂದರೆ ಮೂಲ ಲೇಖಕರ ಹೆಸರನ್ನು ಹೇಳಬೇಕು. ಎನ್‌ಡಿ ಎಂಬ ಅಕ್ಷರಗಳಿದ್ದರೆ ಬದಲಾಯಿಸಿದ ರೂಪವನ್ನು ಹಂಚುವಂತಿಲ್ಲ, ಅನುವಾದವೂ ಬದಲಾವಣೆಯೇ. ಎಸ್‌ಎ ಇದ್ದರೆ ನಿಮ್ಮ ಅನುವಾದವನ್ನೂ ಅದೇ ಪರವಾನಗಿಯಲ್ಲಿ ಕೊಡಬೇಕು. ಎನ್‌ಸಿ ಇದ್ದರೆ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ. ಬಿವೈ-ಎಸ್‌ಎ ಪಾಠವನ್ನೂ ಬಿವೈ-ಎನ್‌ಸಿ-ಎಸ್‌ಎ ಪಾಠವನ್ನೂ ಬೆರೆಸಿ ಒಂದೇ ಹೊಸ ಪಾಠವನ್ನಾಗಿ ಹೆಣೆದು ಹಂಚುವಂತಿಲ್ಲ, ಏಕೆಂದರೆ ಎರಡೂ ತಮ್ಮ ತಮ್ಮ ಪರವಾನಗಿಯನ್ನೇ ಬೇಡುತ್ತವೆ. ಬಳಸಿದ ಪ್ರತಿ ಚಿತ್ರದ ಪರವಾನಗಿಯನ್ನು ಆ ದಿನವೇ ವಿವರಪಟ್ಟಿಯಲ್ಲಿ ಬರೆದಿಡಿ. ಪಾಠ ಮುಗಿದ ಮೇಲೆ ಒಂದೊಂದರ ಮೂಲವನ್ನೂ ಹುಡುಕುವುದು ಪಾಠ ಬರೆಯುವುದಕ್ಕಿಂತ ಹೆಚ್ಚಿನ ಕೆಲಸವಾಗುತ್ತದೆ.