ರಾಯಚೂರಿನಲ್ಲಿ ಬ್ಯಾಂಕ್ ಕೆಲಸದಿಂದ ರಿಟೈರ್ ಆದವರು ಥಾಯ್ಲೆಂಡ್‌ನಲ್ಲಿ ಹೋಗಿ ಇರಬಹುದಾ? ವೀಸಾ ಹೇಗೆ?

ಇರಬಹುದು ಸರ್, ವಯಸ್ಸು 50 ದಾಟಿದ್ದರೆ ಸಾಕು. ಅದಕ್ಕೆಂದೇ ಅಲ್ಲಿ ರಿಟೈರ್‌ಮೆಂಟ್ ವೀಸಾ ಇದೆ, ಹೆಸರು ನಾನ್ ಇಮಿಗ್ರಂಟ್ ಓ-ಎ.

ತೊಡಕು ಇರೋದು ದುಡ್ಡಿನಲ್ಲಿ. ಖಾತೆಯಲ್ಲಿ 8 ಲಕ್ಷ ಬಾತ್ (ಬಾತ್ ಅಂದರೆ ಅಲ್ಲಿನ ಕರೆನ್ಸಿ) ತೋರಿಸಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ, ಅಂದರೆ ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿಗೂ ಜಾಸ್ತಿ. ಅಷ್ಟು ಪೆನ್ಷನ್ ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತೆ ಹೇಳಿ! ಹಾಗಾಗಿ ಪಿಎಫ್, ಗ್ರಾಚ್ಯುಟಿ ದುಡ್ಡು ಕೈಗೆ ಬಂದ ಕೂಡಲೇ ಎಲ್ಲವನ್ನೂ ಸೈಟಿಗೆ ಹಾಕಬೇಡಿ, ಡೆಪಾಸಿಟ್ ತೋರಿಸುವ ದಾರಿಯೇ ಸುಲಭ.

ಜೊತೆಗೆ ಆರೋಗ್ಯ ವಿಮೆ, ಡಾಕ್ಟರ್ ಸರ್ಟಿಫಿಕೇಟ್, ಪೊಲೀಸ್ ಕ್ಲಿಯರೆನ್ಸ್ ಬೇಕು. ಕೊನೆಯದಕ್ಕೆ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ. ಸುಮ್ನೆ ಸ್ಟೇಷನ್ನಿಗೆ ಅಲೆಯಬೇಡಿ, ವಿಚಾರಣೆ ಇದ್ದರೆ ಅವರೇ ಕರೀತಾರೆ. ವೀಸಾ ಅರ್ಜಿಯೂ ಈಗ ಆನ್‌ಲೈನ್, 2025ರ ಜನವರಿಯಿಂದ ಭಾರತದವರಿಗೂ ಇ-ವೀಸಾ ಬಂದಿದೆ.

ಹೋದ ಮೇಲೆ ಅಲ್ಲಿ ಕೆಲಸ ಮಾಡುವಂತಿಲ್ಲ, ಪ್ರತಿ 90 ದಿನಕ್ಕೊಮ್ಮೆ ವಿಳಾಸ ವರದಿ ಕೊಡಬೇಕು. ಇಲ್ಲಿಂದ ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಕಳಿಸಲು ರಿಸರ್ವ್ ಬ್ಯಾಂಕ್ ಬಿಡುತ್ತೆ, ಅದು ಸಾಕಷ್ಟಾಯ್ತು ಬಿಡಿ. ಪೆನ್ಷನ್ ನಿಲ್ಲಬಾರದು ಅಂದರೆ ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರ ಕೊಡೋದು ಮರೀಬೇಡಿ. ಮೊದಲೊಮ್ಮೆ ಟೂರಿಸ್ಟ್ ಆಗಿ ಹೋಗಿ, ಏಪ್ರಿಲ್‌ನಲ್ಲೇ ಇದ್ದು ನೋಡಿ. ರಾಯಚೂರಿನ ಬಿಸಿಲಿಗೆ ಹೆದರಿ ಹೊರಟಿದ್ದರೆ ಅಲ್ಲೂ ಸೆಕೆ ಬಿಡಲ್ಲ.