ಡಿಗ್ರಿ ಮುಗಿಸುವ ಮಕ್ಕಳಿಗೆ ಕ್ಲಬ್ಬಿನಿಂದ ಸಂಭ್ರಮ: ಮೊದಲು ಮನೆ ಮುಟ್ಟಿಸುವ ಗಾಡಿ ನೋಡಿ

ನಿಮ್ಮ ಪ್ರಶ್ನೆ ಓದಿದೆ. ಸಾಗರದಲ್ಲಿ ನಿಮ್ಮದೊಂದು ಸೇವಾ ಕ್ಲಬ್ ಇದೆ. ಈ ವರ್ಷ ಡಿಗ್ರಿ ಮುಗಿಸುವ ಮಕ್ಕಳಿಗೆ ಕುಡಿತ, ಅಪಘಾತಗಳ ಭಯವಿಲ್ಲದ ಒಂದು ಸಂಭ್ರಮದ ಸಂಜೆ ಮಾಡಿಕೊಡಬೇಕು ಅಂತ ಆಸೆ. ಮಕ್ಕಳು ಬರುತ್ತಾರಾ, ಎಲ್ಲಿಂದ ಶುರು ಮಾಡಬೇಕು, ದುಡ್ಡಿಗೆ ಏನು ದಾರಿ ಅಂತ ಕೇಳಿದ್ದೀರಿ.

ಗಾಡಿಯಿಂದ ಶುರು ಮಾಡಿ. ಹಾಲ್, ಊಟ, ಡಿಜೆ ಎಲ್ಲ ಆಮೇಲೆ. ರಾತ್ರಿ ಮಕ್ಕಳನ್ನು ಮನೆ ಮುಟ್ಟಿಸುವ ಗಾಡಿ ಗೊತ್ತು ಮಾಡದೆ ತಾರೀಕು ಇಡಬೇಡಿ.

ಹೀಗೆ ಹೇಳುವುದಕ್ಕೆ ಕಾರಣ ಇದೆ. ನಾನು ತೀರ್ಥಹಳ್ಳಿ ಕಡೆಯವಳು, ಔಷಧಿ ಅಂಗಡಿ ಇಟ್ಟುಕೊಂಡಿದ್ದೇನೆ. ಎಂಟು ವರ್ಷದ ಹಿಂದೆ ನಮ್ಮ ಅಕ್ಕನ ಮಗ ಕೊನೇ ವರ್ಷದ ಬಿ.ಕಾಂ.ನಲ್ಲಿದ್ದ. ಸೆಂಡ್ ಆಫ್ ಮುಗಿಯುವಾಗ ಕತ್ತಲಾಗಿತ್ತು. ಅವನ ಊರಿನ ಕಡೆಯ ಕೊನೇ ಬಸ್ ಹೊರಟುಹೋಗಿತ್ತು. ಮೂರು ಜನ ಒಂದೇ ಬೈಕಿನಲ್ಲಿ ಹೊರಟರು. ಜೂನ್ ತಿಂಗಳ ಮಳೆ. ರಸ್ತೆ ತುಂಬ ಅಕೇಶಿಯಾ ಎಲೆ ಬಿದ್ದು ಜಾರುತ್ತಿತ್ತು. ಒಂದು ತಿರುವಿನಲ್ಲಿ ಬೈಕ್ ಹೋಗಿ ಚರಂಡಿಗೆ ಬಿತ್ತು. ಆ ಜಾಗದಲ್ಲಿ ನೆಟ್‌ವರ್ಕ್ ಇಲ್ಲ. ಹಿಂದೆ ಕೂತಿದ್ದ ಹುಡುಗ ಮಳೆಯಲ್ಲೇ ಎರಡು ಕಿಲೋಮೀಟರ್ ನಡೆದು ಒಂದು ಮನೆಯ ಬಾಗಿಲು ತಟ್ಟಿದ ಮೇಲೆ ನಮಗೆ ಸುದ್ದಿ ಬಂತು. ರಾತ್ರಿಯೇ ಘಾಟಿ ಇಳಿದು ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಜೀವ ಉಳಿಯಿತು. ಬಲಗೈ ಮಾತ್ರ ಇವತ್ತಿಗೂ ಹೆಗಲಿನಿಂದ ಮೇಲೆ ಏಳುವುದಿಲ್ಲ.

ಆ ಮೂವರಲ್ಲಿ ಯಾರೂ ಒಂದು ಹನಿ ಕುಡಿದಿರಲಿಲ್ಲ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಯಾಕಂದ್ರೆ ಇಂಥ ಸುದ್ದಿ ಬಂದ ತಕ್ಷಣ ಜನ "ಕುಡಿದಿದ್ರು ಅನ್ಸತ್ತೆ" ಅಂದುಬಿಡುತ್ತಾರೆ. ಕೊನೇ ಬಸ್ ಹೋಗಿತ್ತು, ಅಷ್ಟೇ.

ಬಯಲುಸೀಮೆಯ ಹಾಗೆ ನಮ್ಮಲ್ಲಿ ಮನೆಗಳು ಒಂದೇ ಕಡೆ ಒತ್ತಾಗಿ ಇರುವುದಿಲ್ಲ ಅಲ್ವಾ. ಗುಡ್ಡಕ್ಕೊಂದು, ತೋಟಕ್ಕೊಂದು ಮನೆ. ಬಸ್ ಇಳಿದು, ಬೇಲಿಯ ದಣಪೆ ದಾಟಿ, ಗದ್ದೆಯ ಅಂಚಿನ ಮೇಲೆ ನಡೆದು, ಹಳ್ಳಕ್ಕೆ ಹಾಕಿದ ಕಾಲುಸಂಕ ದಾಟಿದರೆ ಮನೆ. ಇಂಥ ಕಡೆಯಿಂದ ಬರುವ ಮಕ್ಕಳಿಗೆ ಸಂಜೆ ಆರೂವರೆ ಏಳರ ಮೇಲೆ ಯಾವ ಕಾರ್ಯಕ್ರಮ ಇಟ್ಟರೂ ವಾಪಸ್ ಹೋಗುವ ಚಿಂತೆ ಶುರುವಾಗುತ್ತದೆ. ಹುಡುಗಿಯರು ಬರುವುದೇ ಇಲ್ಲ. ಹುಡುಗರು ಯಾರದ್ದೋ ಬೈಕ್ ಹತ್ತುತ್ತಾರೆ.

ನಮ್ಮ ಕ್ಲಬ್ಬಿನಲ್ಲಿ ನಾವು ಏನು ಮಾಡುತ್ತೇವೆ ಅಂತ ಹೇಳುತ್ತೇನೆ. ಹೆಸರು ಬರೆಸುವಾಗಲೇ ಒಂದು ಕಾಗದದಲ್ಲಿ ಮಗುವಿನ ಊರು, ಇಳಿಯುವ ಜಾಗ, ಅಲ್ಲಿಂದ ಮನೆಗೆ ನಡೆಯುವ ದೂರ, ಮನೆಯ ನಂಬರು ಬರೆಸಿಕೊಳ್ಳುತ್ತೇವೆ. ಕೊಪ್ಪದ ದಾರಿ, ಆಗುಂಬೆ ದಾರಿ, ಹೊಸನಗರದ ದಾರಿ ಅಂತ ವಿಂಗಡಿಸಿ ಒಂದೊಂದು ದಾರಿಗೂ ಒಂದು ಗಾಡಿ. ಒಳರಸ್ತೆಗೆ ಜೀಪು ಇಡಲೇಬೇಕು, ಟೆಂಪೋ ಟ್ರಾವೆಲರ್ ಎಲ್ಲ ಕಡೆ ತಿರುಗುವುದಿಲ್ಲ. ಗಾಡಿಯಲ್ಲಿ ಡ್ರೈವರ್ ಜೊತೆಗೆ ಕ್ಲಬ್ಬಿನ ಒಬ್ಬರು ಇರಬೇಕು. ಹುಡುಗಿಯರು ಇರುವ ಗಾಡಿಯಲ್ಲಿ ಹೆಂಗಸರೊಬ್ಬರು ಇರಲೇಬೇಕು, ಕೊನೇ ಹುಡುಗಿ ಇಳಿಯುವವರೆಗೂ. ಇಳಿಸಿದ ಕೂಡಲೇ ಗಾಡಿ ತಿರುಗಿಸುವ ಹಾಗಿಲ್ಲ. ಅಂಗಳದ ದೀಪ ಹತ್ತಿ, ಮನೆಯವರ ದನಿ ಕೇಳಿದ ಮೇಲೆ ಕಾಗದದಲ್ಲಿ ಗುರುತು ಹಾಕಿ ಹೊರಡುವುದು. ಎಷ್ಟೋ ಮನೆಗಳಿಗೆ ಫೋನ್ ಸಿಗುವುದಿಲ್ಲ, ಹಾಗಾಗಿ ವಾಟ್ಸಾಪ್ ಗ್ರೂಪನ್ನು ನಂಬಿ ಕೂರಬೇಡಿ. ಕಾಗದವೇ ಗಟ್ಟಿ.

ಕಾಲುಸಂಕ ದಾಟಬೇಕಾದ ಮಕ್ಕಳನ್ನು ಮಳೆ ಹಿಡಿದ ಮೇಲೆ ರಾತ್ರಿ ಕಳಿಸಲೇಬಾರದು. ಹಳ್ಳ ಯಾವಾಗ ಏರುತ್ತದೆ ಅಂತ ಹೇಳಲಾಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುತ್ತದೆ. ಆ ಕಡೆ ಮೇಲೆ ಎಲ್ಲೋ ಹೊಡೆದ ಮಳೆಗೆ ಕೆಳಗಿನ ಹಳ್ಳ ಅರ್ಧ ಗಂಟೆಯಲ್ಲಿ ತುಂಬಿಬಿಡುತ್ತದೆ. ಅಂಥ ಮಕ್ಕಳಿಗೆ ಪೇಟೆಯಲ್ಲೇ ಸದಸ್ಯರ ಮನೆಯಲ್ಲಿ ಮಲಗುವ ವ್ಯವಸ್ಥೆ ಮಾಡಿ, ಮೊದಲೇ ಅವರ ಅಪ್ಪ ಅಮ್ಮನ ಹತ್ತಿರ ಮಾತಾಡಿ. ನಮ್ಮ ಮನೆಯಲ್ಲೇ ಕಳೆದ ಸಲ ನಾಲ್ಕು ಹುಡುಗಿಯರು ಉಳಿದಿದ್ದರು. ಬೆಳಿಗ್ಗೆ ಕಡುಬು ತಿಂದು ಮೊದಲ ಬಸ್ಸಿಗೆ ಹೋದರು.

ಗಾಡಿಯ ವಿಷಯದಲ್ಲಿ ಇನ್ನೊಂದು ಮಾತು. ಹಳದಿ ಬೋರ್ಡಿನ ಗಾಡಿಯೇ ಇರಲಿ. ಅಡಿಕೆ ಸಾಗಿಸುವ ಪಿಕಪ್ಪಿನಲ್ಲಿ ಹಿಂದೆ ನಿಲ್ಲಿಸಿಕೊಂಡು ಹೋಗುವುದು ಬೇಡವೇ ಬೇಡ. ಕಾಲೇಜು ಬಸ್ ಸಿಕ್ಕಿದರೆ ಒಳ್ಳೆಯದೇ, ಆದರೆ ಕಾನೂನಿನ ಪ್ರಕಾರ ಅದು ಕಾಲೇಜಿನ ಚಟುವಟಿಕೆಗೆ ಮಾತ್ರ. ಅದಕ್ಕೇ ಕಾರ್ಯಕ್ರಮವನ್ನು ಕಾಲೇಜು ಮತ್ತು ಕ್ಲಬ್ ಸೇರಿ ಮಾಡುವುದು ಅಂತ ಪ್ರಿನ್ಸಿಪಾಲರಿಂದ ಬರೆಸಿಕೊಳ್ಳಿ.

ಈ ಯೋಚನೆ ನಮ್ಮದೇ ಏನಲ್ಲ. ಅಮೆರಿಕದ ಮೇನ್ ರಾಜ್ಯದಲ್ಲಿ 1979ರಲ್ಲಿ, ಹೈಸ್ಕೂಲು ಮುಗಿಸುವ ಹೊತ್ತಿನ ಪಾರ್ಟಿಗಳ ಸುತ್ತಮುತ್ತ ಹಲವು ಮಕ್ಕಳು ಸತ್ತರು. ಮರುವರ್ಷ, 1980ರಲ್ಲಿ, ಅಲ್ಲಿನವರು ಕುಡಿತವಿಲ್ಲದ ರಾತ್ರಿ ಸಂಭ್ರಮ ಶುರು ಮಾಡಿದರು. ಅದಕ್ಕೆ ಪ್ರಾಜೆಕ್ಟ್ ಗ್ರಾಜುಯೇಷನ್ ಅಂತ ಹೆಸರು. ಆಮೇಲೆ ದೇಶದ ತುಂಬ ಹಬ್ಬಿತು. ಅಪ್ಪ ಅಮ್ಮಂದಿರು, ಊರಿನ ಅಂಗಡಿಯವರು, ರೋಟರಿ, ಲಯನ್ಸ್, ಕಿವಾನಿಸ್ ತರಹದ ಕ್ಲಬ್ಬುಗಳು ದುಡ್ಡು, ಊಟ, ಬಹುಮಾನ ಕೊಡುತ್ತಾರೆ. ಶಾಲೆಯ ಜಿಮ್ಮಿನಲ್ಲೋ ಸಭಾಂಗಣದಲ್ಲೋ ಬೆಳಗಿನವರೆಗೆ ಆಟ, ಹಾಡು, ತಿಂಡಿ. ಸಾಮಾನ್ಯವಾಗಿ ಒಂದು ನಿಯಮ ಇರುತ್ತದೆ: ಮಧ್ಯೆ ಹೊರಗೆ ಹೋದವರಿಗೆ ಮತ್ತೆ ಒಳಗೆ ಪ್ರವೇಶವಿಲ್ಲ. ಹೊರಗೆ ಹೋಗಿ ಕುಡಿದು ಬರುವುದಕ್ಕೆ ದಾರಿ ಇರಬಾರದು ಅಂತ.

ಈ ಕೊನೆಯ ನಿಯಮ ನಾವು ಹಾಗೇ ತೆಗೆದುಕೊಂಡೆವು, ತುಂಬ ಉಪಯೋಗಕ್ಕೆ ಬಂತು. ಬೆಳಗಿನವರೆಗೆ ನಡೆಸುವುದು ಮಾತ್ರ ನಮ್ಮಲ್ಲಿ ಆಗದು, ಮನೆಯವರು ಒಪ್ಪುವುದಿಲ್ಲ. ನಾವು ಮಧ್ಯಾಹ್ನ ಮೂರೂವರೆಗೆ ಶುರು ಮಾಡಿ ರಾತ್ರಿ ಎಂಟೂವರೆಗೆ ಮುಗಿಸುತ್ತೇವೆ. ಒಂಬತ್ತಕ್ಕೆ ಗಾಡಿಗಳು ಹೊರಡಬೇಕು. ಬಯಲಿನಲ್ಲಿ ಮಾಡುವುದಾದರೆ ಮೈಕಿಗೆ ಪೊಲೀಸ್ ಠಾಣೆಯ ಅನುಮತಿ ಬೇಕು. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವ ಹಾಗೇ ಇಲ್ಲ.

ಈಗ ಮಕ್ಕಳು ಬರುತ್ತಾರಾ ಅನ್ನುವ ಪ್ರಶ್ನೆ. ಮೊದಲನೇ ವರ್ಷ ಬಂದವರು ಕಮ್ಮಿ, ನಲವತ್ತು ಜನವೂ ಇರಲಿಲ್ಲ. ಕಾರಣ ನಾವೇ. ದೀಪ ಬೆಳಗಿಸಿ, ಐದು ಜನ ಭಾಷಣ ಮಾಡಿ, ಹಾರ ಶಾಲು ಹಾಕಿ ಮುಗಿಸುವಾಗ ಆರು ಗಂಟೆ. ಮಕ್ಕಳು ಹಿಂದಿನ ಬಾಗಿಲಿನಿಂದ ಎದ್ದು ಹೋದರು. ಕೊನೆಯಲ್ಲಿ ಒಬ್ಬ ಹುಡುಗಿ ಬಂದು, "ಮೇಡಂ, ಇದು ನಿಮ್ಮ ಫಂಕ್ಷನ್ ಆಯ್ತು, ನಮ್ಮದು ಆಗ್ಲಿಲ್ಲ" ಅಂದಳು. ಆ ಮಾತು ನನಗೆ ನಾಟಿತು. ಮರುವರ್ಷ ಅವಳ ತಂಗಿಯ ಬ್ಯಾಚಿನವರನ್ನೇ ಕೂರಿಸಿ ಕೇಳಿದೆವು. ಅವರು ಕೇಳಿದ್ದು ದೊಡ್ಡದೇನಲ್ಲ. ಭಾಷಣ ಬೇಡ. ಹಾಡು ನಾವೇ ಆರಿಸುತ್ತೇವೆ. ಫೋಟೋ ತೆಗೆಸಿಕೊಳ್ಳುವುದಕ್ಕೆ ಒಂದು ಚಂದದ ಜಾಗ ಬೇಕು. ನಮ್ಮನ್ನು ಕಾಯುವ ಹಾಗೆ ಸುತ್ತ ನಿಂತು ನೋಡಬೇಡಿ.

ಈಗ ನಮ್ಮ ಅಧ್ಯಕ್ಷರು ಎರಡು ನಿಮಿಷ ಮಾತಾಡುತ್ತಾರೆ, ಅಷ್ಟೇ. ವೇದಿಕೆ ಮಕ್ಕಳದ್ದು. ಗೇಟು, ಅಡುಗೆ, ಗಾಡಿ ನಮ್ಮದು. ಹಗ್ಗ ಜಗ್ಗಾಟ, ಅಂತ್ಯಾಕ್ಷರಿ, ಮೇಷ್ಟ್ರುಗಳ ಅನುಕರಣೆ, ಆಮೇಲೆ ಡ್ಯಾನ್ಸ್. ಪಲಾವ್, ಮೊಸರನ್ನದ ಜೊತೆಗೆ ಗೋಬಿ ಮಂಚೂರಿಯ ಗಾಡಿಯನ್ನೇ ಒಳಗೆ ಕರೆಸುತ್ತೇವೆ. ಸರ್ಕಾರ 2024ರಲ್ಲಿ ಗೋಬಿಗೆ ಕೃತಕ ಬಣ್ಣ ನಿಷೇಧಿಸಿದೆ, ಬಣ್ಣ ಹಾಕದೇ ಮಾಡಿ ಅಂತ ಮೊದಲೇ ಹೇಳಿ. ಶೌಚಾಲಯದ ದಾರಿಗೆ ದೊಡ್ಡ ಬಲ್ಬು ಹಾಕಿಸಿ. ಸಣ್ಣ ವಿಷಯ ಅನ್ನಿಸಬಹುದು, ಆದರೆ ಹುಡುಗಿಯರು ಮೊದಲು ಹೇಳುವ ತೊಂದರೆ ಇದೇ.

ನಿಮ್ಮದು ರೋಟರಿಯಾದರೆ ರೋಟರಾಕ್ಟ್, ಲಯನ್ಸ್ ಆದರೆ ಲಿಯೋ ಅಂತ ಹುಡುಗ ಹುಡುಗಿಯರ ಕ್ಲಬ್ಬುಗಳು ಇವೆ. ಲಿಯೋ 1957ರಿಂದ, ರೋಟರಾಕ್ಟ್ 1968ರಿಂದ ನಡೆಯುತ್ತಿವೆ. ನಿಮ್ಮ ಊರಿನಲ್ಲಿ ಇದ್ದರೆ ಕೆಲಸದ ಅರ್ಧ ಪಾಲು ಅವರಿಗೆ ಬಿಡಿ. ಒಬ್ಬ ಹುಡುಗ ತನ್ನ ಗೆಳೆಯನಿಗೆ "ಕೀ ಕೊಡೋ" ಅಂದರೆ ಕೇಳುತ್ತಾನೆ. ನಾವು ಅಂದರೆ ಮುಖ ತಿರುಗಿಸುತ್ತಾನೆ.

ಕೀ ಅಂದೆ. ಬೈಕಿನಲ್ಲಿ ಬಂದವರ ಕೀಯನ್ನು ಗೇಟಿನಲ್ಲೇ ಇಸ್ಕೊಂಡು ಟೋಕನ್ ಕೊಡುತ್ತೇವೆ. ಹೊರಡುವಾಗ ಹೆಲ್ಮೆಟ್ ಇದೆಯಾ, ಇಬ್ಬರೇನಾ ಅಂತ ನೋಡಿ ವಾಪಸ್ ಕೊಡುತ್ತೇವೆ. ಯಾರಾದರೂ ಕುಡಿದೇ ಬಂದರೆ ಏನು ಮಾಡುವುದು? ಬೈದು ಹೊರಗೆ ಹಾಕಬೇಡಿ. ಹೊರಗೆ ಹಾಕಿದರೆ ಅವನು ಹೋಗುವುದು ಬೈಕಿನ ಹತ್ತಿರಕ್ಕೆ. ಕೀ ತೆಗೆದುಕೊಂಡು, ಒಂದು ಕಡೆ ಕೂರಿಸಿ, ನೀರು ಕೊಟ್ಟು, ಜೊತೆಗೆ ಒಬ್ಬರನ್ನು ಇಡಿ. ಮನೆಯವರನ್ನು ಕರೆಸಿ. ಎಲ್ಲರೆದುರಿಗೆ ಮಾತ್ರ ಅವನ ಮಾನ ಕಳೆಯಬೇಡಿ. ಮಜ್ಜಿಗೆ, ನಿಂಬೆಹಣ್ಣು, ಕಾಫಿ ಕೊಟ್ಟರೆ ಇಳಿಯುತ್ತದೆ ಅನ್ನುವುದು ಸುಳ್ಳು. ಔಷಧಿ ಅಂಗಡಿಗೂ ಬಂದು ಇದನ್ನೇ ಕೇಳುತ್ತಾರೆ. ರಕ್ತ ಸೇರಿದ್ದು ಕಮ್ಮಿಯಾಗುವುದಕ್ಕೆ ಹೊತ್ತು ಬೇಕು, ಬೇರೆ ಉಪಾಯವಿಲ್ಲ. ಕರೆದರೆ ಏಳುತ್ತಿಲ್ಲ, ಮೈ ತಣ್ಣಗಾಗಿದೆ, ಉಸಿರು ನಿಧಾನವಾಗಿದೆ ಅಂದರೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಬೆನ್ನ ಮೇಲೆ ಮಲಗಿಸಿದರೆ ವಾಂತಿ ಉಸಿರಿಗೆ ಅಡ್ಡವಾಗಬಹುದು. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಲೂಬಾರದು.

ಕಾನೂನನ್ನು ಹೆದರಿಸುವ ದನಿಯಲ್ಲಿ ಹೇಳಬೇಡಿ, ಗೇಟಿನಲ್ಲಿ ಒಂದು ಬೋರ್ಡ್ ಹಾಕಿದರೆ ಸಾಕು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದು ಗಾಡಿ ಓಡಿಸಿದರೆ, ಮೊದಲ ಸಲವೇ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಪಿಯುಸಿ ಮಕ್ಕಳಿಗೂ ಮಾಡುವ ಯೋಚನೆ ಇದ್ದರೆ ಅವರ ಅಪ್ಪ ಅಮ್ಮನಿಗೆ ಇದು ಗೊತ್ತಿರಲಿ: 18 ತುಂಬದ ಮಗನ ಕೈಗೆ ಬೈಕ್ ಕೊಟ್ಟು ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಅವರಿಗೇ.

ಮರುದಿನದ ಬಗ್ಗೆಯೂ ಯೋಚಿಸಿ. ನನಗೆ ಈ ಸಂಜೆಗಿಂತ ಮರುದಿನದ್ದೇ ಹೆದರಿಕೆ. ಪರೀಕ್ಷೆ ಮುಗಿದ ಮಕ್ಕಳು ಗುಂಪು ಕಟ್ಟಿಕೊಂಡು ಜೋಗಕ್ಕೆ, ಕೊಡಚಾದ್ರಿಗೆ, ಹೊಳೆಗೆ ಹೋಗುತ್ತಾರೆ. ಹೋಗಲಿ, ಅವರ ವಯಸ್ಸೇ ಅದು. ಆದರೆ ತುಂಗೆಯ ಬಂಡೆ ಮೇಲೆ ಒಣಗಿದ ಹಾಗೆ ಕಂಡರೂ ಪಾಚಿ ಇರುತ್ತದೆ, ಬಂಡೆಯ ಮಗ್ಗುಲಲ್ಲೇ ಆಳದ ಮಡು ಇರುತ್ತದೆ. ನಿಮ್ಮ ಕಡೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗಳು, ಕಾಲು ಹೂತುಹೋಗುವ ಕೆಸರು. ಈಜು ಬರುವವರಿಗೂ ಅದು ಜಾಗ ಅಲ್ಲ. ಸಂಭ್ರಮದ ಸಂಜೆಯೇ ಹತ್ತು ನಿಮಿಷ ಒಬ್ಬ ಸ್ಥಳೀಯ ಈಜುಗಾರನನ್ನು ಕರೆಸಿ ತೋರಿಸಿ: ಮುಳುಗುವವನನ್ನು ಕಂಡರೆ ಹಾರಬಾರದು. ಹಗ್ಗವೋ, ಮುಚ್ಚಳ ಬಿಗಿದ ಖಾಲಿ ಕ್ಯಾನೋ, ಪಂಚೆಯೋ, ಉದ್ದದ ಕೋಲೋ, ಸಿಕ್ಕಿದ್ದನ್ನು ದಡದಿಂದ ಕೊಡಬೇಕು. ಒಬ್ಬನನ್ನು ಉಳಿಸಲು ಹೋಗಿ ಇನ್ನಿಬ್ಬರು ಹೋದ ಸುದ್ದಿ ನಾವು ಎಷ್ಟು ಸಲ ಓದಿಲ್ಲ ಹೇಳಿ.

ದುಡ್ಡಿನದು ನೀವು ಅಂದುಕೊಂಡಷ್ಟು ಕಷ್ಟವಿಲ್ಲ. ಡೀಸೆಲ್ ಒಬ್ಬರು, ಅಕ್ಕಿ ಒಬ್ಬರು, ಶಾಮಿಯಾನ ಒಬ್ಬರು ಅಂತ ವಸ್ತುವಿನ ರೂಪದಲ್ಲೇ ಕೇಳಿ. ಜನ ನಗದು ಕೊಡಲು ಹಿಂದೆಮುಂದೆ ನೋಡುತ್ತಾರೆ, ವಸ್ತು ಖುಷಿಯಿಂದ ಕೊಡುತ್ತಾರೆ. ಮಕ್ಕಳಿಂದಲೂ ಸಣ್ಣ ಮೊತ್ತ ತೆಗೆದುಕೊಳ್ಳಿ, ಆಗ ಅದು ಅವರದ್ದಾಗುತ್ತದೆ. ಬಾರ್ ಮಾಲೀಕರ, ಗುಟ್ಕಾ ಕಂಪನಿಯ ದುಡ್ಡು ಬೇಡ. ಅಡಿಕೆ ನಮಗೆ ಅನ್ನ ಕೊಟ್ಟ ಬೆಳೆ, ನಮ್ಮ ಮನೆಯಲ್ಲೂ ತೋಟ ಇದೆ. ಆದರೂ ಆ ಬ್ಯಾನರ್ ಮಕ್ಕಳ ಹಿಂದೆ ಇರುವುದು ನನಗೆ ಒಪ್ಪಿಗೆಯಿಲ್ಲ.

ಕೊನೆಗೆ ನಿಮ್ಮ ಸಾಗರದ್ದೇ ಒಂದು ವಿಷಯ. ಹಿನ್ನೀರಿನ ಆಚೆ ಇರುವ ತುಮರಿ, ಬ್ಯಾಕೋಡು ಕಡೆಯ ಮಕ್ಕಳು ಇಷ್ಟು ವರ್ಷ ಸಂಜೆಯ ಕೊನೇ ಲಾಂಚ್ ನೋಡಿಕೊಂಡು ಹೊರಡಬೇಕಿತ್ತು. ಲಾಂಚ್ ತಪ್ಪಿದರೆ ಆ ರಾತ್ರಿ ಮನೆಯಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು, ಈಗ ರಾತ್ರಿಯೂ ಹಿನ್ನೀರು ದಾಟಬಹುದು. ಆ ದಾರಿಗೆ ಒಂದು ಜೀಪು ತಪ್ಪದೇ ಬರೆದಿಡಿ. ಹೆಸರು ಬರೆಸುವಾಗ ಆ ಕಡೆಯ ಮಕ್ಕಳು "ನಮಗಾಗಲ್ಲ ಸರ್" ಅಂತ ಅಭ್ಯಾಸದಿಂದ ಹೇಳಬಹುದು. ಗಾಡಿ ಇದೆ ಅಂತ ಅವರಿಗೆ ಇನ್ನೊಂದು ಸಲ ಹೇಳಿ.